ತೆರೆದು ನೋಡದೆ ಪಾರಣೆಯಿಲ್ಲ

ಸಿಟ್ಟು ಬಂದರೆ ಮೊದಲು ಅಲುಗುತ್ತಿದ್ದದ್ದು ಅವರ ಮೂಗುಬೊಟ್ಟು. ಬಿಳಿ ಹರಳಿನ, ಕಡಲೆಬೇಳೆಯಷ್ಟು ಅಗಲದ ಹಳೆಯ ಬೊಟ್ಟು. ಮೂಗಿನ ಹೊಳ್ಳೆ ಅರಳಿದಾಗ ಅದು ಒಮ್ಮೆ ಮಿಂಚುತ್ತಿತ್ತು. ಆಮೇಲೆ ಕನ್ನಡಕ ಕೆಳಗಿಳಿಯುತ್ತಿತ್ತು, ಅದಾದ ಮೇಲೆ ಮಾತು. ಇಷ್ಟಾಗುವುದರೊಳಗೆ ಎದುರಿಗಿದ್ದವರಿಗೆ ಏನಾದರೂ ನೆಪ ಹೇಳಿ ಎದ್ದು ಹೋಗಲು ಸಮಯವಿರುತ್ತಿತ್ತು, ಬಹಳ ಜನ ಹೋಗುತ್ತಲೂ ಇದ್ದರು.

ನಾನು ಅವರನ್ನು ಕರೆಯುತ್ತಿದ್ದದ್ದು ಓನರ್ ಆಂಟಿ ಎಂದು. ಮದುವೆಯಾಗಿ ದೆಹಲಿಗೆ ಬಂದ ಹೊಸದರಲ್ಲಿ ಪೀತಮ್‌ಪುರದ ಅವರ ಮನೆಯ ಮೇಲಿನ ಮಹಡಿಯಲ್ಲಿ ನಾವು ಬಾಡಿಗೆಗಿದ್ದೆವು. ಆಮೇಲೆ ಇಂದಿರಾಪುರಂನಲ್ಲಿ ಸ್ವಂತ ಫ್ಲಾಟ್ ಮಾಡಿಕೊಂಡು ಬಂದರೂ ಆ ಹೆಸರು ಹಾಗೇ ಉಳಿಯಿತು. ಗಂಡ ಹೆಂಡತಿ ಇಬ್ಬರೂ ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ದುಡಿದು ನಿವೃತ್ತರಾದವರು. ಅಂಕಲ್ ಮೆತ್ತಗಿನ ಮನುಷ್ಯ. ಆಂಟಿ ಹಾಗಲ್ಲ. ತರಕಾರಿ ಭಯ್ಯಾ ಕೊಳೆತ ಟೊಮೇಟೊ ಒಂದನ್ನು ಕೆಳಗೆ ಸೇರಿಸಿದರೂ ಅವರು ತೂಕದ ತಟ್ಟೆಯಿಂದ ಎಲ್ಲವನ್ನೂ ಸುರಿಸಿ ಮತ್ತೆ ಆರಿಸುತ್ತಿದ್ದರು. ನಾನು ನೋಡಿಕೊಂಡು, ಹೋಗಲಿ ಬಿಡಿ ಆಂಟಿ ಎನ್ನುತ್ತಿದ್ದೆ. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಮೊದಲು ಕಲಿಸಿದ ಮಾತೇ ಅದು. ಆಂಟಿಗೆ ಆ ಮಾತು ಕಂಡರೆ ಆಗುತ್ತಿರಲಿಲ್ಲ.

"ಎಲ್ಲಿಗೆ ಹೋಗ್ಲಿ?" ಎಂದು ಕೇಳುತ್ತಿದ್ದರು. "ನೀನು ಬಿಟ್ಟಿದ್ದು ಇನ್ನೊಬ್ಬಳ ಚೀಲಕ್ಕೆ ಹೋಗುತ್ತೆ, ಅಷ್ಟೇ."

ಅಂಕಲ್‌ಗೆ ಕಾಯಿಲೆ ಎಂದು ಗೊತ್ತಾದ ವರ್ಷ ಅವರೊಂದು ಕೆಲಸ ಹಚ್ಚಿಕೊಂಡರು. ಮಗಳು ಅಳಿಯ ಗ್ರೇಟರ್ ನೋಯ್ಡಾದಲ್ಲಿದ್ದರು, ಮೊಮ್ಮಗಳು ಆಗ ಇನ್ನೂ ಶಾಲೆಯ ಹುಡುಗಿ. ಅವಳಿಗೆ ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ನಾನು ಹೋದಮೇಲೆ ಈ ಮಗುವಿಗೆ ಕೇಳಲಿಕ್ಕಾದರೂ ಇರಲಿ ಎಂದು ಅಂಕಲ್ ದಿನಾ ಬೆಳಿಗ್ಗೆ ಬಾಲ್ಕನಿಯಲ್ಲಿ ಕಾಫಿ ಹಿಡಿದು ಕೂತು ಫೋನಿನಲ್ಲಿ ಒಂದೊಂದು ಕಥೆ ರೆಕಾರ್ಡ್ ಮಾಡುತ್ತಿದ್ದರು. ರಾಜ ರಾಣಿಯ ಕಥೆಗಳಲ್ಲ, ತಮ್ಮದೇ ಫಜೀತಿಗಳು. ದೆಹಲಿಯ ಮೊದಲ ಚಳಿಗಾಲದಲ್ಲಿ ಚಳಿಗೆ ಹೊದೆಯುವ ರಜಾಯಿ ಎಂದರೇನೆಂದು ತಿಳಿಯದೆ, ಕೇಳಲು ಹಿಂದಿಯೂ ಬಾರದೆ, ಅಂಗಡಿಯವನು ಕೊಟ್ಟ ಬಾಗಿಲ ಪರದೆಯನ್ನು ಹೊದ್ದು ಮಲಗಿದ್ದು, ಬೆಳಿಗ್ಗೆ ಅದರ ಬಳೆಗಳು ಕಿಣಿಕಿಣಿ ಎಂದದ್ದಕ್ಕೆ ಪಕ್ಕದ ಕೋಣೆಯವರು ಎದ್ದು ಬಂದದ್ದು. ಹೇಳುತ್ತಾ ಹೇಳುತ್ತಾ ಒಂದು ಕಡೆ ಅವರಿಗೇ ನಗು ತಡೆಯಲಾಗುತ್ತಿರಲಿಲ್ಲ. ಆಗಿನ್ನೂ ಮೇಲಿನ ಮಹಡಿಯಲ್ಲಿದ್ದ ನನಗೆ ಮೆಟ್ಟಿಲಿಳಿಯುವಾಗ ಆ ನಗು ಕೇಳಿಸುತ್ತಿತ್ತು. ಆ ರೆಕಾರ್ಡಿಂಗ್‌ಗಳೆಲ್ಲ ತಾವಾಗಿಯೇ ಕ್ಲೌಡ್‌ಗೆ ಹೋಗುತ್ತಿದ್ದವು. ಖಾತೆ ಆಂಟಿಯ ಹೆಸರಿನಲ್ಲಿತ್ತು, ಅದಕ್ಕೆ ಕೊಟ್ಟಿದ್ದ ಮೊಬೈಲ್ ನಂಬರ್ ಮಾತ್ರ ಅಂಕಲ್‌ದು.

ಇದನ್ನು ಓದುತ್ತಿರುವ ಹೆಂಗಸರು ಒಮ್ಮೆ ತಮ್ಮ ಫೋನ್ ತೆರೆದು ನೋಡಿಕೊಳ್ಳಬೇಕು. ಗ್ಯಾಸಿನ ಬುಕಿಂಗ್, ಬ್ಯಾಂಕು, ಕರೆಂಟಿನ ಬಿಲ್ಲು, ಈ ಕ್ಲೌಡು, ಎಲ್ಲದಕ್ಕೂ ಮನೆಯವರ ನಂಬರ್. ಒಂದು ಇಡೀ ವಿಭಾಗದ ಕಡತಗಳನ್ನು ನಡೆಸಿದ ಆಂಟಿಯಂಥ ಅಧಿಕಾರಿಯೂ ನಂಬರ್ ಎಂಬ ಚೌಕದಲ್ಲಿ ಗಂಡನದನ್ನೇ ತುಂಬಿದ್ದರು. ಯಾರೂ ಒತ್ತಾಯ ಮಾಡಿರಲಿಲ್ಲ. ನಮ್ಮಲ್ಲಿ ಹಾಗೆ ತುಂಬುವುದು ರೂಢಿ, ಅಷ್ಟೇ.

ಅಂಕಲ್ ತೀರಿಕೊಂಡರು. ಅಳಿಯ ಒಳ್ಳೆಯವನು, ಓಡಾಡಿ ಎಲ್ಲ ಕೆಲಸ ಮುಗಿಸಿಕೊಟ್ಟ. ಅಂಕಲ್‌ರ ನಂಬರನ್ನು ನಿಲ್ಲಿಸಿದ. ದೀಪಾವಳಿಗೆ ಅಂಕಲ್‌ರ ಹಳೆಯ ಫೋನನ್ನು ಅಂಗಡಿಗೆ ಕೊಟ್ಟು ಆಂಟಿಗೆ ಹೊಸ ಫೋನ್ ತಂದ. ಹಳೆಯದರಲ್ಲಿದ್ದ ರೆಕಾರ್ಡಿಂಗ್‌ಗಳ ಗತಿಯೇನು ಎಂದು ಆಂಟಿ ಕೇಳಿದಾಗ, "ಎಲ್ಲಾ ಕ್ಲೌಡ್‌ನಲ್ಲಿದೆ ಅಮ್ಮ, ಎಲ್ಲೂ ಹೋಗಲ್ಲ" ಎಂದ. ಅದು ನಿಜವೂ ಆಗಿತ್ತು. ಮನೆಯ ಕಂಪ್ಯೂಟರಿನಲ್ಲಿ ಖಾತೆ ಸದಾ ತೆರೆದೇ ಇರುತ್ತಿತ್ತು, ಆಂಟಿ ಸಂಜೆ ಹೊತ್ತು ಅಲ್ಲಿ ಕೂತು ಕೇಳುತ್ತಿದ್ದರು.

ಒಂದು ದಿನ ಆ ಕಂಪ್ಯೂಟರಿನ ಡಿಸ್ಕ್ ಕೆಟ್ಟಿತು. ಹೊಸ ಡಿಸ್ಕ್ ಹಾಕಿಸಿದರು. ಖಾತೆ ತೆರೆಯಲು ಹೋದರೆ ಪಾಸ್‌ವರ್ಡ್ ಕೇಳಿತು. ಅದು ಅವರಿಗೆ ಬಾಯಿಪಾಠವಾಗಿತ್ತು. ಹಾಕಿದ ಮೇಲೆ, ನಿಮ್ಮ ಮೊಬೈಲಿಗೆ ಬಂದ ಓಟಿಪಿ ಹೇಳಿ ಎಂದಿತು. ಆ ಮೊಬೈಲ್ ಎಲ್ಲಿತ್ತು?

ಆಂಟಿ ಆ ಕ್ಲೌಡ್ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದರು. ಆ ಕಡೆಯ ಹುಡುಗ ಬಹಳ ನಯವಾಗಿ ಹಿಂದಿಯಲ್ಲಿ ಮಾತಾಡಿದ, ನಂಬರ್ ಸರ್ ಹೆಸರಿನಲ್ಲಿದೆ, ಅವರಿಗೇ ಫೋನ್ ಕೊಡಿ ಎಂದ. ಆಂಟಿ ವಿಷಯ ಹೇಳಿದರು. ಅವನು ಸಂತಾಪ ಸೂಚಿಸಿದ, ದೂರು ಬರೆದುಕೊಂಡ. ಆಂಟಿಯ ಮೇಲ್ ಕೂಡ ಅದೇ ಖಾತೆಯಲ್ಲಿ ಸಿಕ್ಕಿಕೊಂಡಿದ್ದರಿಂದ ಉತ್ತರ ಕಳಿಸಲು ನನ್ನ ಮೇಲ್ ವಿಳಾಸ ಕೊಟ್ಟೆವು. ಮಾರನೆಯ ದಿನ ಫೋನ್ ಮಾಡಿದರೆ ಇನ್ನೊಬ್ಬ, ಮತ್ತೆ ಸರ್ ಇದ್ದಾರಾ ಎಂದು ಕೇಳಿದ. ಅದರ ಮಾರನೆಯ ದಿನ ಒಬ್ಬ ಹುಡುಗಿ, ಅವಳೂ ಸರ್ ಇದ್ದಾರಾ ಎಂದಳು. ಅದೇ ಮೆತ್ತಗಿನ ದನಿ, ಅದೇ ಕ್ಷಮಾಪಣೆ. ಆಂಟಿ ಹಿಂದಿ ಬಿಟ್ಟು ಕನ್ನಡಕ್ಕೆ ಇಳಿದದ್ದನ್ನು ನಾನು ಅವತ್ತು ಮೊದಲ ಸಲ ನೋಡಿದೆ.

"ಅವರಿದ್ದಿದ್ರೆ ನಿನ್ನ ಹತ್ತಿರ ಯಾಕಮ್ಮ ಮಾತಾಡ್ತಿದ್ದೆ?"

ಹುಡುಗಿಗೆ ಅರ್ಥವಾಗಲಿಲ್ಲ. ಇನ್ನೇನಾದರೂ ಸಹಾಯ ಬೇಕೇ ಎಂದು ಕೇಳಿ ಫೋನ್ ಇಟ್ಟಳು. ಕೊನೆಗೆ, ನಮ್ಮ ಸೇವೆಗೆ ಎಷ್ಟು ಅಂಕ ಕೊಡುತ್ತೀರಿ ಎಂದು ಸಂದೇಶ ಬಂತು.

ಆಗ ಆಂಟಿ ಮಾಡಿದ ಕೆಲಸ ಇನ್ಯಾರಿಗೂ ಹೊಳೆಯುತ್ತಿರಲಿಲ್ಲ. ಅಂಕಲ್‌ರ ನಂಬರಿಗೇ ಫೋನ್ ಮಾಡಿದರು. ನಿಲ್ಲಿಸಿದ ನಂಬರುಗಳನ್ನು ಕೆಲವು ತಿಂಗಳಾದ ಮೇಲೆ ಬೇರೆಯವರಿಗೆ ಕೊಡುತ್ತಾರೆಂದು ಅವರಿಗೆ ಗೊತ್ತಿತ್ತು. ಗಂಡನ ನಂಬರಿನಿಂದ ಬೇರೊಬ್ಬ ಗಂಡಸು ಹಲೋ ಎಂದ. ನಾನು ಪಕ್ಕದಲ್ಲೇ ಇದ್ದೆ. ಅವರು ಅಚ್ಚುಕಟ್ಟಾಗಿ ತಮ್ಮ ಪರಿಚಯ ಹೇಳಿಕೊಂಡು, ನಿಮ್ಮ ಫೋನಿಗೆ ಒಂದು ಓಟಿಪಿ ಬರುತ್ತದೆ, ದಯವಿಟ್ಟು ಹೇಳುತ್ತೀರಾ ಎಂದು ಕೇಳಿದರು. ಓಟಿಪಿ ಯಾರಿಗೂ ಹೇಳಬೇಡಿ ಎಂದು ದಿನಕ್ಕೆ ಹತ್ತು ಸಲ ಕೇಳಿಸಿಕೊಂಡಿರುವ ಯಾವ ಮನುಷ್ಯ ಹೇಳುತ್ತಾನೆ? ಪೊಲೀಸರಿಗೆ ಕೊಡುತ್ತೇನೆ ಎಂದು ಬೈದು ಫೋನಿಟ್ಟ. ಅರವತ್ತೈದು ದಾಟಿದ, ಜೀವನದಲ್ಲಿ ಒಬ್ಬರ ಕೈಯಿಂದಲೂ ಒಂದು ಮಾತು ಅನ್ನಿಸಿಕೊಳ್ಳದ ಹೆಂಗಸು ಅಪರಿಚಿತನಿಂದ ಕಳ್ಳಿ ಎನ್ನಿಸಿಕೊಂಡರು. ನನ್ನ ಕಣ್ಣಲ್ಲಿ ನೀರು ಬಂತು. ಆಂಟಿ ಮಾತ್ರ, ಅವನದೇನೂ ತಪ್ಪಿಲ್ಲ ಕಣೇ, ಅವನು ಸರಿಯಾಗಿಯೇ ಮಾಡಿದ ಎಂದರು.

ಆಮೇಲೆ ಆ ನಂಬರಿಗೆ ಎಲ್ಲವನ್ನೂ ವಿವರಿಸಿ ಹಿಂದಿಯಲ್ಲಿ ಒಂದು ಸಂದೇಶ ಬರೆದು, ಜೊತೆಗೆ ತಮ್ಮಿಬ್ಬರ ಫೋಟೋ ಕಳಿಸಿದರು. ಎರಡು ದಿನ ಬಿಟ್ಟು ಅವನ ಹೆಂಡತಿ ಫೋನ್ ಮಾಡಿದಳು, ಮನೆಗೆ ಬನ್ನಿ, ಮುಖ ನೋಡಿ ಮಾತಾಡೋಣ ಎಂದಳು. ಗ್ರೇಟರ್ ನೋಯ್ಡಾದಿಂದಲೂ ಆಚೆ, ರಸ್ತೆಯ ಪಕ್ಕ ಅವರದೊಂದು ಟೈಲ್ಸ್ ಅಂಗಡಿ, ಹಿಂದೆಯೇ ಮನೆ. ನಾನೂ ಆಂಟಿಯೂ ಕ್ಯಾಬ್ ಮಾಡಿಕೊಂಡು ಹೋದೆವು. ಅವನು ಬೈದದ್ದಕ್ಕೆ ನಾಚಿಕೊಂಡು ಕುರ್ಚಿ ಒರೆಸಿದ. ಹೆಂಡತಿ ಚಹಾ ತಂದಳು. ಆಂಟಿ ನನ್ನ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಪಾಸ್‌ವರ್ಡ್ ಹಾಕಿದರು. ಅಂಗಡಿಯವನ ಫೋನ್ ಸದ್ದು ಮಾಡಿತು. ಅವನು ಒಂದೊಂದೇ ಅಂಕಿ ಓದಿದ, ಆಂಟಿ ಒತ್ತಿದರು. ನಾವು ನಾಲ್ವರೂ ಆ ಪರದೆಯನ್ನೇ ನೋಡುತ್ತಿದ್ದೆವು.

ಖಾತೆ ತೆರೆಯಲಿಲ್ಲ. ಹೊಸ ಜಾಗದಿಂದ ಯಾರೋ ಪ್ರಯತ್ನಿಸುತ್ತಿದ್ದಾರೆ, ನಿಮ್ಮ ಹಳೆಯ ಫೋನನ್ನು ತೆರೆದು 'ಹೌದು, ನಾನೇ' ಎಂದು ಒತ್ತಿ ಎಂದು ಬಂತು. ದೀಪಾವಳಿಯಲ್ಲಿ ಅಳಿಯ ಅಂಗಡಿಗೆ ಕೊಟ್ಟುಬಿಟ್ಟಿದ್ದ ಫೋನು. ಮತ್ತೆ ಪ್ರಯತ್ನಿಸಿದೆವು, ಮತ್ತೆ ಅದೇ. ಮೂರನೆಯ ಸಲಕ್ಕೆ ಪರದೆಯ ಬಣ್ಣ ಬದಲಾಯಿತು. ಅನುಮಾನಾಸ್ಪದ ಚಟುವಟಿಕೆ ಕಂಡುಬಂದಿದೆ, ನಿಮ್ಮ ಸುರಕ್ಷತೆಗಾಗಿ ಈ ಖಾತೆಯನ್ನು ಮುಚ್ಚಲಾಗಿದೆ.

"ಯಾರಿಂದ ಸುರಕ್ಷತೆ?" ಎಂದರು ಆಂಟಿ. "ನನ್ನಿಂದಾನಾ?"

ಆ ಅಂಗಡಿಯವನು, ನಮ್ಮ ಭಾಷೆಯ ಒಂದಕ್ಷರ ತಿಳಿಯದವನು, ತಲೆ ತಗ್ಗಿಸಿ ಕೂತ. ಕ್ಯಾಬಿನವರೆಗೆ ಬಂದು ಬಾಗಿಲು ಹಾಕಿ, ಇನ್ನೊಮ್ಮೆ ಬೇಕಾದರೂ ಬನ್ನಿ ಮಾತಾಜಿ ಎಂದು ಹೇಳಿದ. ಅಷ್ಟು ದೊಡ್ಡ ಕಂಪನಿಯಲ್ಲಿ ಆ ಟೈಲ್ಸ್ ಅಂಗಡಿಯವನಂಥ ಒಬ್ಬನಿದ್ದಿದ್ದರೆ ಸಾಕಿತ್ತು. ಮುಖ ನೋಡಿ ಮಾತಾಡೋಣ ಎನ್ನುವ ಒಬ್ಬಳು ಹೆಂಗಸಿದ್ದಿದ್ದರೆ ಸಾಕಿತ್ತು. ಮರಣ ಪ್ರಮಾಣಪತ್ರ, ಮದುವೆಯ ದಾಖಲೆ, ಪಿಂಚಣಿಯ ಪುಸ್ತಕ, ಏನು ಕೇಳಿದ್ದರೂ ಆಂಟಿ ಕೊಡುತ್ತಿದ್ದರು. ಅವರು ಏನನ್ನೂ ಕೇಳಲೇ ಇಲ್ಲ. ಕೇಳುವುದಕ್ಕೆ ಅಲ್ಲಿ ಯಾರೂ ಇರಲಿಲ್ಲ.

ಇಲ್ಲಿಯ ಕನ್ನಡ ಸಂಘದ ಪರಿಚಯದವರೆಲ್ಲ ಬುದ್ಧಿ ಹೇಳಿದರು. ಮೊದಲೇ ನೋಡಿಕೊಳ್ಳಬೇಕಿತ್ತು ಎಂದರು. ನಮ್ಮ ಮನೆಯವರು ಸಾಫ್ಟ್‌ವೇರಿನಲ್ಲಿರುವವರು, ಅವರೂ ನಿಯಮ ಅಂದರೆ ನಿಯಮ ಎಂದು ಕೈ ಚೆಲ್ಲಿದರು. ಆಂಟಿ ಅವರಿಗೆ, ನೀವು ನಿಮ್ಮ ಮನೆಯ ಫೋಟೋಗಳನ್ನು ಎಲ್ಲಿಟ್ಟಿದ್ದೀರಿ ತೋರಿಸಿ ಎಂದರು. ತೋರಿಸಲು ನಮ್ಮಲ್ಲಿ ಏನೂ ಇರಲಿಲ್ಲ, ನಮ್ಮದೂ ಎಲ್ಲ ಕ್ಲೌಡ್‌ನಲ್ಲೇ ಇತ್ತು.

ಅಲ್ಲಿಂದ ಶುರುವಾದದ್ದು ಅವರ ಬ್ಯಾಕಪ್ ಕಾರ್ಯಾಚರಣೆ. ಕಳೆದುಕೊಂಡ ಮೇಲೆ ಇದೆಲ್ಲ ಯಾಕೆ ಎಂದು ಮಗಳು ಅಂದಳಂತೆ. ಉಳಿದದ್ದಾದರೂ ಇರಬೇಕಲ್ಲ ಎಂದು ಆಂಟಿ ಹೇಳಿದರಂತೆ. ಬ್ಯಾಕಪ್ ಸಾಫ್ಟ್‌ವೇರ್‌ಗಳನ್ನು ಒಂದೊಂದಾಗಿ ಹಾಕಿ ನೋಡಿದರು. ಕೆಲಸಕ್ಕೆ ಅರ್ಜಿ ಹಾಕಿದವರನ್ನು ಸಂದರ್ಶನ ಮಾಡುವ ಹಾಗೆ ಪ್ರತಿಯೊಂದಕ್ಕೂ ಅವರದು ಒಂದೇ ಪ್ರಶ್ನೆ. ನಾನು ಸತ್ತ ಮೇಲೆ ಇದು ಯಾರನ್ನ ಕೇಳುತ್ತೆ? ಒಂದು ಸಾಫ್ಟ್‌ವೇರ್ ಎಲ್ಲವನ್ನೂ ಗಂಟು ಕಟ್ಟಿ ತನ್ನದೇ ರೀತಿಯ ಒಂದು ಫೈಲ್ ಮಾಡುತ್ತಿತ್ತು, ಬಿಚ್ಚಲು ಅದೇ ಸಾಫ್ಟ್‌ವೇರ್ ಬೇಕು. ನಪಾಸು. ಇನ್ನೊಂದು ವರ್ಷದ ಚಂದಾ ಕೇಳುತ್ತಿತ್ತು, ಚಂದಾ ನಿಂತರೆ ಹಳೆಯದನ್ನು ತೆರೆಯಲೂ ಬಿಡುತ್ತಿರಲಿಲ್ಲ. ಅದೂ ನಪಾಸು. ಮತ್ತೊಂದು, ಇಲ್ಲಿರುವುದನ್ನೆಲ್ಲ ಕ್ಷಣಕ್ಷಣಕ್ಕೂ ಅಲ್ಲಿಗೆ ಸೇರಿಸುತ್ತೇನೆ ಎಂದು ಹೇಳಿಕೊಳ್ಳುತ್ತಿತ್ತು. ಅದನ್ನು ಅವರು ನಮ್ಮ ಮನೆಯಲ್ಲಿ ಪರೀಕ್ಷೆ ಮಾಡಿದರು. ನನ್ನ ಲ್ಯಾಪ್‌ಟಾಪಿನಿಂದ ಒಂದು ಫೋಟೋ ಅಳಿಸಿ, ಆ ಕಡೆ ನೋಡು ಎಂದರು. ಆ ಕಡೆಯೂ ಅಳಿಸಿಹೋಗಿತ್ತು.

"ಇದು ನಕಲಲ್ಲ, ಕನ್ನಡಿ" ಎಂದರು. "ನೀನೆದ್ದು ಹೋದ್ರೆ ಅದರಲ್ಲೂ ನೀನಿರಲ್ಲ."

ಕೊನೆಗೆ ಅವರು ಆರಿಸಿದ್ದು ಬಹಳ ಸಾದಾ ಒಂದು ಸಾಫ್ಟ್‌ವೇರ್. ಖಾತೆ ಇಲ್ಲ, ಬೀಗ ಇಲ್ಲ. ಫೈಲುಗಳನ್ನು ಇದ್ದ ಹಾಗೇ, ದಿನಾಂಕದ ಹೆಸರಿಟ್ಟ ಫೋಲ್ಡರಿಗೆ ನಕಲು ಮಾಡುತ್ತದೆ. ಯಾವ ಕಂಪ್ಯೂಟರಿಗೆ ಚುಚ್ಚಿದರೂ ತೆರೆಯುತ್ತದೆ. ಬೀಗವಿಲ್ಲದಿದ್ದರೆ ಕದ್ದವರು ನೋಡುತ್ತಾರಲ್ಲ ಎಂದು ನಮ್ಮವರು ಕೇಳಿದ್ದಕ್ಕೆ, ಕದ್ದವನಾದರೂ ನೋಡಲಿ, ನನ್ನ ಮಗಳೇ ನೋಡದ ಹಾಗೆ ಆಗೋದಕ್ಕಿಂತ ವಾಸಿ ಎಂದರು. ಬ್ಯಾಂಕಿನ ಕಾಗದಗಳನ್ನು ಬೇರೆ ಇಟ್ಟರು, ಆ ಮಾತು ಬೇರೆ.

ವೇಳಾಪಟ್ಟಿಗೆ ಅವರು ಕ್ಯಾಲೆಂಡರ್ ನೋಡಲಿಲ್ಲ, ಪಂಚಾಂಗ ನೋಡಿದರು. ಏಕಾದಶಿಯ ದಿನ ಅವರಿಗೆ ಉಪವಾಸ. ಒಲೆ ಹಚ್ಚುವ ಕೆಲಸವಿಲ್ಲ, ಪೂರ್ತಿ ಬಿಡುವು. ಅವತ್ತು ಬ್ಯಾಕಪ್. ಮಾರನೆಯ ದಿನ ದ್ವಾದಶಿ, ಬೆಳಿಗ್ಗೆ ಬೇಗ ಪಾರಣೆ ಮಾಡಿ ಉಪವಾಸ ಬಿಡಬೇಕು. ಬಿಡುವ ಮೊದಲು ಡಿಸ್ಕಿನಿಂದ ಯಾವುದಾದರೂ ಒಂದು ಫೈಲನ್ನು ತೆರೆದು, ಪೂರ್ತಿ ನೋಡಿ, ಸರಿಯಿದೆ ಎಂದಾದ ಮೇಲೆಯೇ ಬಾಯಿಗೆ ತುಳಸಿ ತೀರ್ಥ. ನಕಲು ಮಾಡಿಟ್ಟು ತೆರೆದು ನೋಡದವರನ್ನು ಕಂಡರೆ ಅವರಿಗೆ ಮಾಡದವರಿಗಿಂತ ಹೆಚ್ಚು ಸಿಟ್ಟು. ಒಂದು ಸಲ ಡಿಸ್ಕಿನ ಕೇಬಲ್ ಕೈಕೊಟ್ಟು, ಹೊಸದು ತರುವವರೆಗೆ ಊಟ ಮಾಡದೆ ಕೂತಿದ್ದರು. ಪಾರಣೆಯ ಹೊತ್ತು ಮೀರಿತು ಎಂದು ಪುರೋಹಿತರು ಫೋನಿನಲ್ಲಿ ಗದರಿದರು. ಆಂಟಿ ಅವರಿಗೂ ಎರಡು ಮಾತು ಹೇಳಿದರು, ಮುಂದಿನ ಏಕಾದಶಿಗೆ ಅವರ ಮನೆಯ ಕಂಪ್ಯೂಟರಿಗೂ ಡಿಸ್ಕ್ ಕೊಡಿಸಿದರು.

ಒಂದೇ ಮನೆಯಲ್ಲಿ ಎಲ್ಲ ನಕಲು ಇಡಬಾರದೆಂದು ನಾವು ಡಿಸ್ಕ್ ಅದಲುಬದಲು ಮಾಡಿಕೊಳ್ಳುತ್ತಿದ್ದೆವು. ಅವರದೊಂದು ನಮ್ಮ ಮನೆಯಲ್ಲಿ, ನಮ್ಮದೊಂದು ಅವರ ಮನೆಯಲ್ಲಿ. ಅವರು ಪೀತಮ್‌ಪುರದಿಂದ ಮೆಟ್ರೋದಲ್ಲಿ ಬರುತ್ತಿದ್ದರು, ನಾನು ಈ ಕಡೆಯಿಂದ ಹೋಗುತ್ತಿದ್ದೆ, ಕಶ್ಮೀರಿ ಗೇಟಿನಲ್ಲಿ ಭೇಟಿ. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಡಿಸ್ಕ್ ಕೊಟ್ಟು, ತಾವು ತಂದ ಕೋಡುಬಳೆಯನ್ನೂ ಕೊಡುತ್ತಿದ್ದರು. ದ್ವಾದಶಿಯ ಬೆಳಿಗ್ಗೆ ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ಫೋನ್ ಬರುತ್ತಿತ್ತು, ತೆರೆದು ನೋಡಿದ್ಯಾ ಎಂದು. ನಾನು ನೋಡದೆ ಹೂಂ ಎನ್ನುವ ಹಾಗಿರಲಿಲ್ಲ, ಫೋಟೋದಲ್ಲಿ ಯಾರು ಯಾವ ಬಣ್ಣದ ಸೀರೆ ಉಟ್ಟಿದ್ದಾರೆ ಹೇಳು ಎನ್ನುತ್ತಿದ್ದರು.

ಇಷ್ಟರ ನಡುವೆಯೂ ಮುಚ್ಚಿದ ಖಾತೆಯನ್ನು ಅವರು ಬಿಡಲಿಲ್ಲ. ಏಕಾದಶಿಯಂದು ನಕಲು ನಡೆಯುತ್ತಿರುವಾಗ ಕೂತು ಕಂಪನಿಗೆ ಒಂದು ದೂರು ಬರೆಯುತ್ತಿದ್ದರು. ಆಫೀಸಿನ ಭಾಷೆ, ಹಿಂದಿನ ದೂರುಗಳ ಉಲ್ಲೇಖ, ಲಗತ್ತುಗಳು. ನನ್ನ ವಿಳಾಸದಿಂದ ನಾನು ಕಳಿಸುತ್ತಿದ್ದೆ. ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ ಎಂದು ಪ್ರತಿ ಸಲವೂ ಯಂತ್ರದ ಉತ್ತರ ಬರುತ್ತಿತ್ತು. ಅದನ್ನು ಓದಿ ಹೇಳಿದಾಗಲೆಲ್ಲ ಆಂಟಿ, ಅರ್ಥವಾಗಿದ್ರೆ ತೆಗೀಲಿ ಎನ್ನುತ್ತಿದ್ದರು.

ಅವರ ಕೊನೆಯ ವರ್ಷ, ಅಂಕಲ್ ಹೇಳಿದ್ದ ಕಥೆಗಳನ್ನು ತಾವೇ ನೆನಪಿನಿಂದ ಹೇಳಿ ರೆಕಾರ್ಡ್ ಮಾಡಲು ಕೂತರು. ಮೊದಲನೆಯದಕ್ಕೆ ನಾನಿದ್ದೆ. ಪರದೆ ಹೊದ್ದ ಕಥೆ. ಅರ್ಧಕ್ಕೆ ನಿಲ್ಲಿಸಿ, ಅವರು ಹೀಗೆ ಹೇಳ್ತಿರಲಿಲ್ಲ ಎಂದು ಅಳಿಸಿದರು. ಇನ್ನೊಮ್ಮೆ ಶುರು ಮಾಡಿ ಮತ್ತೆ ಅಳಿಸಿದರು. ತಮ್ಮ ಗಂಟಲಿನ ಮೇಲೇ ಅವರಿಗೆ ಸಿಟ್ಟು ಬಂದಿತ್ತು. ನಾನು ಅಡುಗೆಮನೆಗೆ ಹೋಗಿ ಕಾಫಿ ಇಟ್ಟೆ, ಒಬ್ಬರೇ ಇದ್ದರೆ ಆದೀತು ಅನ್ನಿಸಿತು. ಆಮೇಲೆ ಏಕಾದಶಿಗೊಂದರಂತೆ ಅವರೊಬ್ಬರೇ ಮಾಡಿದರು. ಅವುಗಳನ್ನು ನಾನು ತೆರೆದು ಕೇಳಲಿಲ್ಲ. ಅವು ಮೊಮ್ಮಗಳಿಗೆ ಸೇರಿದ್ದು ಎಂದು ಆಂಟಿಯೇ ಹೇಳಿದ್ದರು.

ದೀಪಾವಳಿ ಕಳೆದು ಹೊಗೆ ಕವಿಯುವ ದಿನಗಳಲ್ಲಿ ಅವರಿಗೆ ಕೆಮ್ಮು ಹಿಡಿಯಿತು. ಶ್ವಾಸಕೋಶಕ್ಕೆ ಸೋಂಕು ಎಂದು ಆಸ್ಪತ್ರೆಗೆ ಸೇರಿಸಿದರು. ನೋಡಲು ಹೋದಾಗ ಮುಖಕ್ಕೆ ಆಮ್ಲಜನಕದ ಮಾಸ್ಕ್ ಇತ್ತು. ಅದನ್ನು ಸರಿಸಿ ಅವರು ನನ್ನನ್ನು ಕೇಳಿದ್ದು ಕಂಪನಿಯಿಂದ ಮೇಲ್ ಬಂತಾ ಎಂದು. ಇಲ್ಲ ಎಂದೆ. ಇನ್ನೊಂದು ಬರಿ ಎಂದರು. ನಾನು ಬರೆದೆ. ಆ ವಾರವೇ ಅವರು ಹೋದರು.

ಮೇಲ್ ಬಂದದ್ದು ಅವರ ಕರ್ಮಾಂತರಗಳೆಲ್ಲ ಮುಗಿದ ಮೇಲೆ. ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಯಂತ್ರದ ಮಾಮೂಲು ಉತ್ತರಕ್ಕಿಂತ ಬೇರೆಯದು. ಓದುವಾಗ ನಾನು ಮೆಟ್ರೋದಲ್ಲಿದ್ದೆ, ಇಳಿಯಬೇಕಾದ ನಿಲ್ದಾಣ ದಾಟಿಹೋದದ್ದು ತಿಳಿಯಲಿಲ್ಲ. ನಾನು ಉತ್ತರ ಬರೆದೆ. ಇದುವರೆಗೆ ಯಾರಿಗೂ ಬರೆಯದ ಭಾಷೆಯಲ್ಲಿ ಬರೆದೆ, ಒಂದು ಕಡೆಯೂ ಕ್ಷಮೆ ಕೇಳಲಿಲ್ಲ. ಈ ವಿಳಾಸಕ್ಕೆ ಉತ್ತರಿಸಬೇಡಿ ಎಂದು ಅದು ವಾಪಸು ಬಂತು. ಆಮೇಲೆ ಅವರ ದೂರು ವಿಭಾಗಕ್ಕೆ ಕಳಿಸಿದೆ, ಗ್ರಾಹಕರ ವೇದಿಕೆಗೂ ಕಳಿಸಿದೆ, ಈಗಲೂ ಕಳಿಸುತ್ತಿದ್ದೇನೆ. ಸಿಟ್ಟು ಮಾಡಿಕೊಳ್ಳುವುದು ಕೆಟ್ಟದ್ದೆಂದು ನಂಬಿ ಬೆಳೆದವಳು ನಾನು. ಕೆಲವು ಕಡೆ ಅದು ಕರ್ತವ್ಯ ಎಂದು ಕಲಿಸಿದ್ದು ಆಂಟಿ, ಆ ಋಣ ನನ್ನ ಮೇಲಿದೆ.

ಮೊಮ್ಮಗಳು ಈಗ ಕಾಲೇಜಿನಲ್ಲಿದ್ದಾಳೆ, ಕನ್ನಡವೂ ಅವಳ ಬಾಯಿಗೆ ಬಂದಿದೆ. ಅಜ್ಜಿಯ ಡಿಸ್ಕ್ ತೆಗೆದುಕೊಂಡು ಹೋಗಲು ಒಂದು ಭಾನುವಾರ ನಮ್ಮ ಮನೆಗೆ ಬಂದಳು. ಇಲ್ಲೇ ಒಂದು ಕೇಳಲಾ ಎಂದು ಕೇಳಿ ನನ್ನ ಲ್ಯಾಪ್‌ಟಾಪಿಗೆ ಚುಚ್ಚಿದಳು. ಯಾವ ಪಾಸ್‌ವರ್ಡೂ ಕೇಳದೆ ತೆರೆಯಿತು. ನಮ್ಮ ಹಾಲ್‌ನಲ್ಲಿ ಆಂಟಿಯ ದನಿ ಮಾತಾಡತೊಡಗಿತು. ದೆಹಲಿಯ ಮೊದಲ ಚಳಿ, ಅಂಗಡಿ, ಪರದೆ, ಬಳೆಗಳು. ಹುಡುಗಿ ಗಲ್ಲಕ್ಕೆ ಕೈಕೊಟ್ಟು ಕೇಳುತ್ತಿದ್ದಳು. ಪಕ್ಕದ ಕೋಣೆಯವರು ಎದ್ದು ಬರುವಲ್ಲಿ ಆಂಟಿ ನಿಲ್ಲಿಸಿದರು.

"ಇಲ್ಲಿ ನಿಮ್ಮ ತಾತ ನಗ್ತಿದ್ರು. ಆ ನಗು ನನಗೆ ಬರಲ್ಲ ಪುಟ್ಟಿ. ಅದು ಆ ಕಂಪನಿಯವರ ಹತ್ತಿರ ಇದೆ. ಕೇಳು, ಬಿಡಬೇಡ."

ಹುಡುಗಿ ಅದನ್ನು ಅಲ್ಲಿಗೇ ನಿಲ್ಲಿಸಿ ನನ್ನ ಕಡೆ ತಿರುಗಿದಳು. "ಆಂಟಿ, ಮತ್‌ಲಬ್, ಅಂದ್ರೆ ಅದು ಇನ್ನೂ ಇದೆಯಾ? ನಾನು ಕೇಳಿದ್ರೆ ಕೊಡ್ತಾರಾ?"

ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. ಫೋನಿನಲ್ಲಿ ಆ ಮೇಲ್ ತೆರೆದು ಅವಳ ಕೈಗೆ ಕೊಟ್ಟೆ. ಬಹಳ ಕಾಲದಿಂದ ಈ ಖಾತೆಯನ್ನು ಯಾರೂ ತೆರೆಯಲು ಬಾರದ ಕಾರಣ, ನಿಯಮದಂತೆ ಅದರಲ್ಲಿದ್ದ ಎಲ್ಲವನ್ನೂ ಅಳಿಸಲಾಗಿದೆ ಎಂದಿತ್ತು ಅದರಲ್ಲಿ.

ಅವಳು ಓದಿದಳು. ಇನ್ನೊಮ್ಮೆ ಓದಿದಳು. ಫೋನನ್ನು ಮೇಜಿನ ಮೇಲಿಟ್ಟಾಗ ಅವಳ ಮುಖ ಕೆಂಪಾಗಿತ್ತು.

"ಯಾರೂ ಬರಲಿಲ್ಲ ಅಂತ ಬರೆದಿದ್ದಾರೆ" ಎಂದಳು. "ಅಜ್ಜಿ ಬಾಗಿಲು ಬಡೀತಾನೇ ಇದ್ರಲ್ಲ ಆಂಟಿ."